ತಕ್ಕಡಿಯೂ ಅಂತಃಕರಣವೂ

ಬಾದಾಮಿಯ ಮೇಣಬಸದಿಗಳನ್ನು ನೋಡಲು ಮೆಟ್ಟಿಲೇರಿದವರಿಗೆಲ್ಲ ಅಲ್ಲಿಯ ಮಂಗಗಳ ಪರಿಚಯ ಆಗಿಯೇ ಇರುವುದು. ಕೆಂಪು ಮರಳುಗಲ್ಲಿನ ಬಂಡೆಗಳ ಮೇಲೆ ಸಾಲಾಗಿ ಕುಳಿತು ಬಂದವರ ಕೈಚೀಲಗಳನ್ನೇ ದಿಟ್ಟಿಸುತ್ತಿರುವ ಈ ಪ್ರಾಣಿಗಳಿಗೆ ಯಾರಾದರೂ ಬಾಳೆಹಣ್ಣು ಹಂಚತೊಡಗಿದರೆ ಆಗಿನ ಗದ್ದಲ ನೋಡತಕ್ಕದ್ದು. ತನಗೆ ಸಿಕ್ಕ ಹಣ್ಣನ್ನು ಸುಲಿಯುವ ಮೊದಲೇ ಮಂಗವು ನೆರೆಯ ಮಂಗದ ಕೈಯತ್ತ ಒಮ್ಮೆ ಕಣ್ಣು ಹಾಯಿಸುವುದು. ಇದು ಬರಿಯ ಆಸೆಯೋ, ಅಥವಾ “ಅವನಿಗೆಷ್ಟು, ನನಗೆಷ್ಟು” ಎಂಬ ಲೆಕ್ಕವೋ? ಬಂಡೆಯ ಮೇಲೆ ನಿಂತು ನೋಡಿದ ಮಾತ್ರಕ್ಕೆ ಇದನ್ನು ನಿರ್ಧರಿಸಲಾಗದು. ಅದಕ್ಕೆ ಪ್ರಯೋಗ ಬೇಕು.

ಅಂಥ ಪ್ರಯೋಗವೊಂದು ಅಮೆರಿಕದ ಅಟ್ಲಾಂಟಾದಲ್ಲಿ ನಡೆಯಿತು. ಸಾರಾ ಬ್ರಾಸ್ನನ್ ಮತ್ತು ಫ್ರಾನ್ಸ್ ಡಿ ವಾಲ್ ಎಂಬ ಶಾಸ್ತ್ರಜ್ಞರು ಅದರ ಫಲಿತಾಂಶವನ್ನು ೨೦೦೩ರಲ್ಲಿ ಪ್ರಕಟಿಸಿದರು. ಕಪುಚಿನ್ ಎಂಬ ಜಾತಿಯ ಎರಡು ಮಂಗಗಳನ್ನು ಅಕ್ಕಪಕ್ಕದಲ್ಲಿರಿಸಿ, ಒಂದು ಹರಳುಕಲ್ಲನ್ನು ಹಿಂದಿರುಗಿಸಿದ್ದಕ್ಕೆ ಪ್ರತಿಯೊಂದಕ್ಕೂ ಒಂದು ಚೂರು ಸೌತೆಕಾಯಿಯನ್ನು ಕೊಡುತ್ತ ಬಂದರು. ಎರಡೂ ಸಂತೋಷದಿಂದ ತಿಂದವು. ಅನಂತರ ಒಂದಕ್ಕೆ ಸೌತೆಕಾಯಿಯ ಬದಲು ದ್ರಾಕ್ಷಿಯನ್ನು ಕೊಟ್ಟರು. ಕೆಲಸ ಮಾತ್ರ ಇಬ್ಬರಿಗೂ ಅದೇ. ಅದುವರೆಗೆ ಸೌತೆಕಾಯಿಯನ್ನು ತಿನ್ನುತ್ತಿದ್ದ ಮಂಗವು ಈಗ ಅದನ್ನು ಬೇಡವೆಂದಿತು. ಕೆಲವು ಸಲ ಹೊರಗೆಸೆಯಿತು. ಕೆಲವು ಸಲ ಕಲ್ಲನ್ನು ಹಿಂದಿರುಗಿಸುವ ಕೆಲಸವನ್ನೇ ನಿಲ್ಲಿಸಿತು. ಮಂಗಕ್ಕೆ ನ್ಯಾಯಬುದ್ಧಿಯಿದೆಯೆಂದು ಇದರಿಂದ ಹೇಳಲಾಗದು, ಒಳ್ಳೆಯದನ್ನು ಕಂಡ ಮೇಲೆ ಸಾಧಾರಣವಾದದ್ದು ರುಚಿಸಲಿಲ್ಲ ಅಷ್ಟೆ ಎಂದು ವಾದಿಸುವ ಶಾಸ್ತ್ರಜ್ಞರೂ ಇದ್ದಾರೆ. ಆ ಚರ್ಚೆ ಮುಗಿದಿಲ್ಲ. ಆದರೆ ಮನುಷ್ಯನ ವಿಷಯದಲ್ಲಿ ಸಂದೇಹವಿಲ್ಲ. ತನಗೆ ದೊರೆತದ್ದನ್ನು ಆತನು ನೆರೆಯವನಿಗೆ ದೊರೆತದ್ದರೊಡನೆ ಹೋಲಿಸಿಯೇ ಅಳೆಯುತ್ತಾನೆ. ಹೋಲಿಕೆ ಸರಿಬಾರದಿದ್ದರೆ ಕೈ ಸಡಿಲಿಸುತ್ತಾನೆ.

ಕೈ ಸಡಿಲಾಗುವುದು ಎಲ್ಲ ಕೆಲಸದ ಜಾಗಗಳಲ್ಲಿಯೂ ನಷ್ಟವೇ. ವಿದ್ಯಾಲಯದಲ್ಲಿ ಆ ನಷ್ಟವು ಬೇಗ ಕಣ್ಣಿಗೆ ಬೀಳುವುದಿಲ್ಲ. ಆದುದರಿಂದ ಅಲ್ಲಿ ಅದು ಹೆಚ್ಚು ಅಪಾಯಕರ. ಈ ಲೇಖನದ ವಿಷಯ ಇದೇ. ವಿದ್ಯಾಲಯದ ಹಿರಿಯರಲ್ಲಿ, ಅಂದರೆ ಪ್ರಿನ್ಸಿಪಾಲರು, ವಿಭಾಗದ ಮುಖ್ಯಸ್ಥರು, ಕುಲಪತಿಗಳು ಮೊದಲಾದವರಲ್ಲಿ, ಕೆಳಗಿನವರ ಕಷ್ಟಸುಖಗಳನ್ನು ಅರಿಯುವ ಅಂತಃಕರಣವೂ ಎಲ್ಲರನ್ನೂ ಒಂದೇ ಅಳತೆಯಲ್ಲಿ ನೋಡುವ ನ್ಯಾಯವೂ ಇದ್ದರೆ ವಿದ್ಯಾಲಯದ ಕೆಲಸ ಉತ್ತಮಗೊಳ್ಳುವುದೆ? ಅವುಗಳಲ್ಲಿ ಒಂದೇ ಇದ್ದರೆ ಸಾಲದೆ?

ಕಾಣದ ಕೆಲಸ

ಇಳಕಲ್ಲಿನ ನೇಕಾರನು ದಿನಕ್ಕೆಷ್ಟು ಮೊಳ ನೇಯ್ದನೆಂಬುದನ್ನು ಸಂಜೆಗೆ ಅಳೆದು ಹೇಳಬಹುದು. ಕಾಲೇಜಿನ ಅಧ್ಯಾಪಕನು ಒಂದು ಗಂಟೆಯಲ್ಲಿ ಎಷ್ಟು ಕಲಿಸಿದನೆಂಬುದನ್ನು ಅಳೆಯುವ ಮೊಳಕೋಲು ಎಲ್ಲಿದೆ? ಹಾಜರಿಪುಸ್ತಕವು ಅವನು ಬಂದನೆಂಬುದನ್ನು ಮಾತ್ರ ಹೇಳುವುದು. ಹಿಂದಿನ ರಾತ್ರಿ ಪಾಠಕ್ಕೆ ಸಿದ್ಧನಾದನೆ, ಹಿಂದುಳಿದ ಹುಡುಗನನ್ನು ಗಂಟೆ ಮುಗಿದ ಮೇಲೆ ಕೂರಿಸಿಕೊಂಡು ಇನ್ನೊಮ್ಮೆ ವಿವರಿಸಿದನೆ, ಪ್ರಯೋಗದ ರೆಕಾರ್ಡುಗಳನ್ನು ಓದಿ ತಿದ್ದಿದನೆ ಅಥವಾ ಓದದೆ ಸಹಿ ಹಾಕಿದನೆ ಎಂಬುವು ಅವನ ಮನಸ್ಸಾಕ್ಷಿಗೆ ಬಿಟ್ಟ ಸಂಗತಿಗಳು. ವಿದ್ಯಾಲಯದ ಉತ್ತಮ ಕೆಲಸದಲ್ಲಿ ಬಹುಪಾಲು ಹೀಗೆ ಮನಸಾರೆ ಮಾಡಿದ ಕೆಲಸವೇ. ಇದನ್ನು ಆಜ್ಞೆಯಿಂದ ಹುಟ್ಟಿಸಲಾಗದು. ಅನ್ಯಾಯವಾಯಿತೆಂದು ತೋರಿದ ದಿನ ಮೊದಲು ಹಿಂದೆಗೆಯಲ್ಪಡುವುದೂ ಇದೇ.

ಭಾರತದಲ್ಲಿ ಈ ಕೆಲಸಕ್ಕೆ ಅಳತೆಗೋಲು ಹುಡುಕುವ ಪ್ರಯತ್ನಗಳು ನಡೆಯದೆ ಇಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು ೨೦೧೦ರಲ್ಲಿ ಅಧ್ಯಾಪಕರ ಬಡತಿಗಾಗಿ ಅಂಕಗಳ ಪದ್ಧತಿಯೊಂದನ್ನು ತಂದಿತು; ಇಷ್ಟು ಪ್ರಬಂಧಗಳಿಗೆ ಇಷ್ಟು ಅಂಕ, ಇಷ್ಟು ಸಮ್ಮೇಳನಗಳಿಗೆ ಇಷ್ಟು ಅಂಕ ಎಂದು. ಉದ್ದೇಶ ಒಳ್ಳೆಯದೇ, ಮುಖ್ಯಸ್ಥರ ಮರ್ಜಿಗೆ ಬದಲಾಗಿ ಎಲ್ಲರಿಗೂ ಒಂದೇ ಲೆಕ್ಕ. ಆದರೆ ಅಂಕಗಳಿಗಾಗಿಯೇ ಪ್ರಬಂಧ ಬರೆಯುವುದೂ, ದುಡ್ಡು ಪಡೆದು ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳೂ ಹೆಚ್ಚಿದವು. ಮೇಲಾಗಿ, ಸುಸಜ್ಜಿತವಾದ ಪ್ರಯೋಗಶಾಲೆಯುಳ್ಳ ಪ್ರಾಧ್ಯಾಪಕನನ್ನೂ, ನೂರಾರು ಹುಡುಗರಿಗೆ ಪಾಠ ಹೇಳಿ ಸಂಜೆಯ ಬಸ್ಸಿಗೆ ಓಡುವ ತಾಲೂಕು ಕಾಲೇಜಿನ ಅಧ್ಯಾಪಕನನ್ನೂ ಒಂದೇ ಬಗೆಯ ಲೆಕ್ಕಕ್ಕೆ ಒಳಪಡಿಸಿದ್ದು ಸಮವಾಗಿ ಕಂಡರೂ ನ್ಯಾಯವಾಗಲಿಲ್ಲ. ೨೦೧೮ರಲ್ಲಿ ಆಯೋಗವೇ ಆ ಪದ್ಧತಿಯನ್ನು ಬದಲಾಯಿಸಿತು.

ನ್ಯಾಯದ ಮೂರು ಮುಖಗಳು

ಕೆಲಸದ ಜಾಗದಲ್ಲಿ ಜನರು ಯಾವುದನ್ನು ನ್ಯಾಯವೆನ್ನುತ್ತಾರೆಂಬುದನ್ನು ಮನಃಶಾಸ್ತ್ರಜ್ಞರು ಅರುವತ್ತು ವರ್ಷಗಳಿಂದ ಪರಿಶೀಲಿಸಿದ್ದಾರೆ. ೧೯೬೩ರಲ್ಲಿ ಜಾನ್ ಸ್ಟೇಸಿ ಆಡಮ್ಸ್ ಎಂಬಾತನು ಒಂದು ಸರಳವಾದ ಸೂತ್ರವನ್ನು ಮುಂದಿಟ್ಟನು. ಮನುಷ್ಯನು ತಾನು ಪಡೆದದ್ದಕ್ಕೂ ತಾನು ದುಡಿದದ್ದಕ್ಕೂ ಇರುವ ಪ್ರಮಾಣವನ್ನು ಇತರರ ಅಂಥದೇ ಪ್ರಮಾಣದೊಡನೆ ಹೋಲಿಸುತ್ತಾನೆ. ಎರಡೂ ಸಮವಾಗಿದ್ದರೆ ಸಮಾಧಾನ, ಇಲ್ಲದಿದ್ದರೆ ಅಸಮಾಧಾನ. ಅಸಮಾಧಾನವಾದಾಗ ಸಂಬಳವನ್ನು ಹೆಚ್ಚಿಸಿಕೊಳ್ಳುವುದು ಅವನ ಕೈಯಲ್ಲಿಲ್ಲ. ದುಡಿಮೆಯನ್ನು ಕಡಮೆ ಮಾಡುವುದು ಅವನ ಕೈಯಲ್ಲಿದೆ. ಇದು ಹಂಚಿಕೆಯ ನ್ಯಾಯ.

ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರ ಪ್ರಶ್ನೆಯನ್ನು ಇದರ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದೇ ಕೊಠಡಿ, ಅದೇ ಪಠ್ಯ, ಅದೇ ಹುಡುಗರು. ಆದರೆ ಸಂಬಳ ಬೇರೆ, ಭದ್ರತೆ ಬೇರೆ. ದೀರ್ಘವಾದ ಮುಷ್ಕರದ ನಂತರ ೨೦೨೨ರ ಜನವರಿಯಲ್ಲಿ ಸರ್ಕಾರವು ೧೧ರಿಂದ ೧೩ ಸಾವಿರ ರೂಪಾಯಿಗಳಷ್ಟಿದ್ದ ತಿಂಗಳ ಗೌರವಧನವನ್ನು ೨೬ರಿಂದ ೩೨ ಸಾವಿರಕ್ಕೆ ಏರಿಸಿತು. ಜೊತೆಗೆ ಒಬ್ಬೊಬ್ಬರು ವಾರಕ್ಕೆ ಮಾಡಬೇಕಾದ ಪಾಠದ ಗಂಟೆಗಳೂ ಹೆಚ್ಚಿದವು. ಒಬ್ಬನ ಪಾಲಿಗೆ ಹೆಚ್ಚು ಗಂಟೆಗಳು ಬಂದರೆ ಒಟ್ಟು ಬೇಕಾಗುವ ಜನ ಕಡಮೆಯಾಗುವರೆಂಬುದು ಬರಿಯ ಭಾಗಾಕಾರದ ಮಾತು. ಹೀಗೆ ಒಬ್ಬನಿಗಾದ ನ್ಯಾಯವು ಇನ್ನೊಬ್ಬನ ಸ್ಥಾನಕ್ಕೆ ಸಂಚಕಾರವಾಗಬಹುದು. ಹಂಚಿಕೆಯೊಂದನ್ನೇ ನೋಡಿದರೆ ಎಲ್ಲರನ್ನೂ ತೃಪ್ತಿಪಡಿಸುವ ದಾರಿ ಬಹಳ ಸಲ ಇರುವುದಿಲ್ಲ.

ಆದರೆ ಜನರು ಹಂಚಿಕೆಯೊಂದನ್ನೇ ನೋಡುವುದಿಲ್ಲ. ಜಾನ್ ತಿಬೋ ಮತ್ತು ಲಾರೆನ್ಸ್ ವಾಕರ್ ಎಂಬವರು ೧೯೭೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ವ್ಯಾಜ್ಯದಲ್ಲಿ ತಮ್ಮ ಮಾತನ್ನು ಹೇಳಿಕೊಳ್ಳಲು ಅವಕಾಶ ದೊರೆತವರು ತೀರ್ಪು ತಮಗೆ ವಿರುದ್ಧವಾದಾಗಲೂ ಅದನ್ನು ಹೆಚ್ಚು ಒಪ್ಪುವರೆಂಬುದನ್ನು ತೋರಿಸಿದರು. ತೀರ್ಪಿನಷ್ಟೇ, ತೀರ್ಪಿಗೆ ಬಂದ ದಾರಿಯೂ ಮುಖ್ಯವೆಂದಾಯಿತು. ಈ ದಾರಿಯ ನ್ಯಾಯಕ್ಕೆ ಜೆರಾಲ್ಡ್ ಲೆವೆಂಥಾಲ್ ೧೯೮೦ರಲ್ಲಿ ಆರು ಲಕ್ಷಣಗಳನ್ನು ಹೇಳಿದನು. ನಿಯಮವು ಎಲ್ಲರಿಗೂ ಎಲ್ಲ ಕಾಲಕ್ಕೂ ಒಂದೇ ಆಗಿರಬೇಕು, ನಿರ್ಣಯಿಸುವವನಿಗೆ ಸ್ವಂತದ ಲಾಭವಿರಬಾರದು, ಆಧಾರವಾಗಿ ತೆಗೆದುಕೊಂಡ ಸಂಗತಿಗಳು ಸರಿಯಾಗಿರಬೇಕು, ತಪ್ಪಾದರೆ ತಿದ್ದಲು ದಾರಿಯಿರಬೇಕು, ಸಂಬಂಧಪಟ್ಟ ಎಲ್ಲರ ಮಾತೂ ಕಿವಿಗೆ ಬೀಳಬೇಕು, ನೀತಿಗೆ ಹೊರತಾಗಿರಬಾರದು. ವಾಚಕರು ಇವನ್ನು ಪರೀಕ್ಷೆಯ ಏರ್ಪಾಡಿಗೆ ಹೋಲಿಸಿ ನೋಡಲಿ. ಉತ್ತರಪತ್ರಿಕೆಯ ಮೇಲೆ ಹೆಸರಿನ ಬದಲು ಸಂಖ್ಯೆಯಿರುವುದು ಎರಡನೆಯ ಲಕ್ಷಣಕ್ಕಾಗಿ; ಮರುಮೌಲ್ಯಮಾಪನಕ್ಕೆ ಅವಕಾಶವಿರುವುದು ನಾಲ್ಕನೆಯದಕ್ಕಾಗಿ. ವಿದ್ಯಾರ್ಥಿಗಳ ವಿಷಯದಲ್ಲಿ ನಾವು ಇಷ್ಟು ಎಚ್ಚರ ವಹಿಸುತ್ತೇವೆ. ಅಧ್ಯಾಪಕರೊಳಗೆ ಕೆಲಸ ಹಂಚುವಾಗ ಈ ಎಚ್ಚರ ಎಲ್ಲಿ ಹೋಗುವುದೆಂಬುದು ಬೇರೆಯ ಮಾತು.

ಮೂರನೆಯದು ನಡವಳಿಕೆಯ ನ್ಯಾಯ. ನಿರ್ಣಯವನ್ನು ತಿಳಿಸುವಾಗ ಮರ್ಯಾದೆಯಿಂದ ತಿಳಿಸಿದರೆ, ಕಾರಣವನ್ನು ವಿವರಿಸಿದರೆ, ಎದುರಿಗಿರುವವನ ನೋವನ್ನು ನೋವೆಂದು ಒಪ್ಪಿದರೆ ಅದೂ ನ್ಯಾಯದ ಒಂದು ಭಾಗವೆಂದು ರಾಬರ್ಟ್ ಬೀಸ್ ಮತ್ತು ಜೋಸೆಫ್ ಮೋಗ್ ೧೯೮೬ರಲ್ಲಿ ಪ್ರತಿಪಾದಿಸಿದರು. ಅಂತಃಕರಣವು ನ್ಯಾಯದ ಶಾಸ್ತ್ರವನ್ನು ಪ್ರವೇಶಿಸಿದ್ದು ಈ ಬಾಗಿಲಿನಿಂದ.

ಇದು ಬರಿಯ ಉಪಚಾರದ ಮಾತಲ್ಲವೆಂಬುದಕ್ಕೆ ಜೆರಾಲ್ಡ್ ಗ್ರೀನ್‌ಬರ್ಗ್ ೧೯೯೦ರಲ್ಲಿ ಪ್ರಕಟಿಸಿದ ಅಧ್ಯಯನವೇ ಸಾಕ್ಷಿ. ಒಂದೇ ಒಡೆತನದ ಮೂರು ಕಾರ್ಖಾನೆಗಳು. ವ್ಯಾಪಾರ ಕುಸಿದದ್ದರಿಂದ ಎರಡರಲ್ಲಿ ಹತ್ತು ವಾರಗಳ ಮಟ್ಟಿಗೆ ಎಲ್ಲರ ಸಂಬಳವನ್ನು ನೂರಕ್ಕೆ ಹದಿನೈದರಷ್ಟು ಕಡಿತಗೊಳಿಸಬೇಕಾಯಿತು. ಒಂದು ಕಾರ್ಖಾನೆಯಲ್ಲಿ ಸಂಸ್ಥೆಯ ಅಧ್ಯಕ್ಷನೇ ಬಂದು ಲೆಕ್ಕಪತ್ರಗಳನ್ನು ತೋರಿಸಿ, ತನ್ನ ವಿಷಾದವನ್ನು ತಿಳಿಸಿ, ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟನು. ಇನ್ನೊಂದರಲ್ಲಿ ಕೆಲವೇ ನಿಮಿಷಗಳ ಸಭೆ ನಡೆಸಿ, ಕಡಿತದ ಸುದ್ದಿಯನ್ನಷ್ಟೇ ಹೇಳಿ ಮುಗಿಸಲಾಯಿತು. ಮೂರನೆಯದರಲ್ಲಿ ಕಡಿತವೇ ಇರಲಿಲ್ಲ, ಅದು ಹೋಲಿಕೆಗಾಗಿ. ಆ ಹತ್ತು ವಾರಗಳಲ್ಲಿ ಕಾರ್ಖಾನೆಗಳಿಂದ ಕಳುವಾದ ಸಾಮಾನುಗಳ ಲೆಕ್ಕವನ್ನು ನೋಡಲಾಗಿ, ವಿವರಣೆ ದೊರೆಯದ ಕಡೆಯಲ್ಲಿ ಕಳವು ಮೊದಲಿನ ಎರಡು ಪಟ್ಟಿಗೂ ಮಿಕ್ಕಿತ್ತು. ವಿವರಣೆ ದೊರೆತ ಕಡೆಯಲ್ಲಿಯೂ ಏರಿತ್ತು, ಆದರೆ ಅಷ್ಟಲ್ಲ. ಕೆಲಸ ಬಿಟ್ಟುಹೋದವರೂ ಮೊದಲನೆಯದಕ್ಕಿಂತ ಎರಡನೆಯದರಲ್ಲಿಯೇ ಹೆಚ್ಚು. ಎರಡು ಕಡೆಯೂ ನಷ್ಟ ಒಂದೇ, ಹದಿನೈದು. ವ್ಯತ್ಯಾಸವಾದದ್ದು ಮಾತಿನಲ್ಲಿ ಮಾತ್ರ.

ಅಂತಃಕರಣವು ದಾರಿ ತಪ್ಪುವ ಬಗೆ

ಇಷ್ಟನ್ನು ಓದಿದ ವಾಚಕರು, “ಹಾಗಾದರೆ ಹಿರಿಯನಾದವನು ಮೃದು ಹೃದಯದವನಾಗಿದ್ದರೆ ಸಾಕಲ್ಲವೆ?” ಎಂದು ಕೇಳಬಹುದು. ಸಾಲದು. ಈ ಪಾಠವನ್ನು ನಾನು ಗ್ರಂಥದಿಂದ ಕಲಿಯುವ ಮೊದಲು ನನ್ನ ತಪ್ಪಿನಿಂದಲೇ ಕಲಿತೆನು.

ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಾಲೇಜೊಂದರಲ್ಲಿ ವೇಳಾಪಟ್ಟಿಯನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬೆಳಗಿನ ಮೊದಲ ಗಂಟೆ ಯಾರಿಗೂ ಬೇಡವಾದದ್ದು. ಬಾಗಲಕೋಟೆಯಿಂದ ದಿನವೂ ಬರುತ್ತಿದ್ದ ಒಬ್ಬ ಅಧ್ಯಾಪಕಿಗೆ ಆಗತಾನೇ ಕೂಸು ಹುಟ್ಟಿತ್ತು. ಅವರು ಪ್ರಿನ್ಸಿಪಾಲರನ್ನು ಕಂಡು ತಮ್ಮ ಕಷ್ಟವನ್ನು ಹೇಳಿಕೊಂಡರು. ಪ್ರಿನ್ಸಿಪಾಲರು ನಿಜಕ್ಕೂ ಕರುಣಾಳುಗಳು. ಕೂಡಲೇ ನನ್ನನ್ನು ಕರೆದು ಅವರ ಮೊದಲ ಗಂಟೆಗಳನ್ನು ತೆಗೆದುಬಿಡಲು ಹೇಳಿದರು. ತೆಗೆದದ್ದನ್ನು ಎಲ್ಲಿಯಾದರೂ ಇಡಬೇಕಷ್ಟೆ. ಹಾಕಿದರೆ ತಕರಾರು ಮಾಡದವರು ಯಾರೆಂದು ನೋಡಿ, ಗುಳೇದಗುಡ್ಡದಿಂದ ಬರುತ್ತಿದ್ದ ಅತಿಥಿ ಉಪನ್ಯಾಸಕರೊಬ್ಬರ ಹೆಸರಿನ ಮುಂದೆ ಅವನ್ನೆಲ್ಲ ಬರೆದೆನು. ಅವರು ಏನೂ ಹೇಳಲಿಲ್ಲ. ವರ್ಷಕ್ಕೊಮ್ಮೆ ನೇಮಕವಾಗುವವನು ಏನು ಹೇಳಿಯಾನು?

ಕೆಲವು ತಿಂಗಳುಗಳಲ್ಲಿ ಅವರ ಪಾಠ ಸೊರಗಿತು. ಹುಡುಗರ ರೆಕಾರ್ಡುಗಳು ತಿದ್ದದೆ ಕಪಾಟಿನಲ್ಲಿ ಉಳಿದವು. ಒಂದೆರಡು ಸಲ ತಡವಾಗಿ ಬಂದದ್ದಕ್ಕೆ ಪ್ರಿನ್ಸಿಪಾಲರು ಅವರನ್ನು ಗದರಿಸಿಯೂ ಆಯಿತು. ಅವರ ತಾಯಿಗೆ ಮೂತ್ರಪಿಂಡದ ಬೇನೆಯೆಂದೂ, ವಾರಕ್ಕೆರಡು ಸಲ ಡಯಾಲಿಸಿಸ್ ಮಾಡಿಸಿಕೊಂಡು ರಾತ್ರಿ ಹೊತ್ತು ಮೀರಿ ಮನೆ ಸೇರಿ, ನಸುಕಿನಲ್ಲಿ ಮತ್ತೆ ಬಸ್ಸು ಹಿಡಿಯುತ್ತಿದ್ದರೆಂದೂ ನಮಗೆ ತಿಳಿದದ್ದು ಒಬ್ಬ ವಿದ್ಯಾರ್ಥಿಯ ಬಾಯಿಂದ. ಪ್ರಿನ್ಸಿಪಾಲರು ಆ ದಿನವೇ ಅವರನ್ನು ಕರೆದು, ನಮ್ಮೆಲ್ಲರ ಎದುರಿನಲ್ಲಿ, “ತಪ್ಪು ನಮ್ಮದರೀ, ನಾವು ಕೇಳಲೇ ಇಲ್ಲ” ಎಂದರು. ಅಂದಿನಿಂದ ವೇಳಾಪಟ್ಟಿಯ ಕ್ರಮವೇ ಬದಲಾಯಿತು. ಖಾಯಂ ಇರಲಿ, ಅತಿಥಿ ಇರಲಿ, ಪ್ರತಿಯೊಬ್ಬರೂ ತಮ್ಮ ಅಡಚಣೆಯನ್ನು ಒಂದು ಹಾಳೆಯಲ್ಲಿ ಬರೆದುಕೊಡುವುದು; ಮೊದಲ ಗಂಟೆ ಸರದಿಯ ಮೇಲೆ ತಿರುಗುವುದು; ಯಾರಿಗೆ ಏಕೆ ವಿನಾಯಿತಿ ದೊರೆಯಿತೆಂಬುದು ಎಲ್ಲರಿಗೂ ತಿಳಿದಿರುವುದು. ಆ ಅಧ್ಯಾಪಕಿಗೆ ಹೊಸ ಕ್ರಮದಲ್ಲಿಯೂ ವಿನಾಯಿತಿ ದೊರೆಯಿತು. ಆದರೆ ಗುಳೇದಗುಡ್ಡದವರಿಗೆ ಅದು ದೊರೆಯುವ ಹೊತ್ತಿಗೆ ಅರ್ಧ ವರ್ಷ ಕಳೆದುಹೋಗಿತ್ತು. ಅವರ ಪಾಠ ಕೇಳಿದ ಹುಡುಗರ ಅರ್ಧ ವರ್ಷವೂ ಕಳೆದುಹೋಗಿತ್ತು.

ಪ್ರಿನ್ಸಿಪಾಲರ ಅಂತಃಕರಣದಲ್ಲಿ ಕೊರತೆಯಿರಲಿಲ್ಲ. ಅದು ಕಣ್ಣೆದುರಿಗೆ ಬಂದ ಕಷ್ಟವನ್ನು ಕಂಡಿತು. ಬಾರದ ಕಷ್ಟವನ್ನು ಕಾಣಲಿಲ್ಲ. ಇದು ಅಂತಃಕರಣದ ಸ್ವಭಾವವೇ ಎಂಬುದನ್ನು ಡೇನಿಯಲ್ ಬ್ಯಾಟ್ಸನ್ ಮತ್ತು ಸಂಗಡಿಗರು ೧೯೯೫ರಲ್ಲಿ ಪ್ರಯೋಗದಿಂದ ತೋರಿಸಿದರು. ಕಠಿಣ ರೋಗದಿಂದ ನರಳುವ ಹತ್ತು ವರ್ಷದ ಹುಡುಗಿಯೊಬ್ಬಳ ಕಲ್ಪಿತ ಕಥೆಯನ್ನು ಕೇಳಿಸಿ, ಸಹಾಯಕ್ಕಾಗಿ ಕಾದಿರುವವರ ಸರದಿಯಲ್ಲಿ ಅವಳನ್ನು ಮುಂದಕ್ಕೆ ತರುವಿರಾ ಎಂದು ಕೇಳಿದರು. ಅವಳಿಗಿಂತ ಮುಂದಿರುವ ಮಕ್ಕಳಿಗೆ ಅಗತ್ಯ ಹೆಚ್ಚೆಂಬುದನ್ನೂ ತಿಳಿಸಿದ್ದರು. ತಟಸ್ಥರಾಗಿ ಕೇಳಿರೆಂದು ಹೇಳಿಸಿಕೊಂಡವರಲ್ಲಿ ಹೆಚ್ಚಿನವರು ಸರದಿಯನ್ನು ಮುರಿಯಲೊಪ್ಪಲಿಲ್ಲ. ಹುಡುಗಿಯ ಭಾವನೆಗಳನ್ನು ಊಹಿಸಿಕೊಳ್ಳಿರೆಂದು ಹೇಳಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮುರಿದರು. ಕರುಣೆಯು ಅವರನ್ನು ಅನ್ಯಾಯಕ್ಕೆ ಒಯ್ದಿತು. ಹಿಂದಕ್ಕೆ ತಳ್ಳಲ್ಪಟ್ಟ ಮಕ್ಕಳ ಕಥೆಯನ್ನು ಅವರು ಕೇಳಿರಲಿಲ್ಲ.

ಎರಡು ತಟ್ಟೆ, ಎರಡು ತೂಕ

ಪ್ರಯೋಗಶಾಲೆಯ ತಕ್ಕಡಿಯನ್ನು ಬಳಸಿದವರಿಗೆ ಈ ಸಮಸ್ಯೆ ಹೊಸದಲ್ಲ. ಒಳ್ಳೆಯ ತಕ್ಕಡಿಗೆ ಎರಡು ಗುಣಗಳು ಬೇಕು. ಅದು ಸತ್ಯವಾಗಿರಬೇಕು, ಅಂದರೆ ದಂಡದ ಎರಡು ತೋಳುಗಳೂ ಸಮನಾಗಿರಬೇಕು. ಅದು ಸೂಕ್ಷ್ಮವಾಗಿಯೂ ಇರಬೇಕು, ಅಂದರೆ ಒಂದು ಮಿಲಿಗ್ರಾಮು ಹೆಚ್ಚಿದರೂ ಮುಳ್ಳು ಕದಲಬೇಕು. ತೋಳುಗಳು ಸಮನಾಗಿದ್ದು ಅಲಗು ಮೊಂಡಾದ ತಕ್ಕಡಿಯು ಯಾರ ಭಾರಕ್ಕೂ ಮಿಸುಕದು. ಅಂತಃಕರಣವಿಲ್ಲದ ನಿಯಮವು ಅಂಥದು. ಅಲಗು ಚುರುಕಾಗಿದ್ದು ತೋಳುಗಳು ಅಸಮವಾದ ತಕ್ಕಡಿಯು ಹುಲ್ಲೆಸಳಿಗೂ ತೂಗುವುದು, ಆದರೆ ಸುಳ್ಳು ಹೇಳುವುದು. ನಿಯಮವಿಲ್ಲದ ಅಂತಃಕರಣವು ಅಂಥದು.

ಅಸಮವಾದ ತಕ್ಕಡಿಯಲ್ಲಿಯೂ ನಿಜವಾದ ತೂಕವನ್ನು ಕಂಡುಹಿಡಿಯುವ ಉಪಾಯವೊಂದುಂಟು. ಇದು ಗಣಿತಜ್ಞ ಗೌಸನ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ವಸ್ತುವನ್ನು ಎಡತಟ್ಟೆಯಲ್ಲಿಟ್ಟು ಒಮ್ಮೆ ತೂಗಬೇಕು. ಅನಂತರ ಬಲತಟ್ಟೆಯಲ್ಲಿಟ್ಟು ಮತ್ತೊಮ್ಮೆ ತೂಗಬೇಕು. ಮೊದಲ ಸಲ ೭೨ ಗ್ರಾಮು, ಎರಡನೆಯ ಸಲ ೫೦ ಗ್ರಾಮು ಬಂದಿತೆನ್ನೋಣ. ಇವೆರಡನ್ನೂ ಗುಣಿಸಿದರೆ ೩೬೦೦. ಅದರ ವರ್ಗಮೂಲ ೬೦. ವಸ್ತುವಿನ ನಿಜವಾದ ತೂಕ ೬೦ ಗ್ರಾಮು. ಮೊದಲ ತೂಕದಲ್ಲಿ ತೋಳುಗಳ ಅಸಮತೆಯು ಎಷ್ಟು ಪಟ್ಟು ಹೆಚ್ಚಿಸಿತೋ ಎರಡನೆಯದರಲ್ಲಿ ಅಷ್ಟೇ ಪಟ್ಟು ತಗ್ಗಿಸುವುದರಿಂದ ದೋಷವು ಕಳೆದುಹೋಗುವುದು. ಒಂದೇ ಸಲ ತೂಗಿದವನಿಗೆ ತನ್ನ ತಕ್ಕಡಿ ಅಸಮವೆಂಬುದೇ ತಿಳಿಯದೆಂಬುದನ್ನೂ ವಾಚಕರು ಗಮನಿಸಬೇಕು.

ಮನುಷ್ಯರ ತಕ್ಕಡಿಯನ್ನು ಹೀಗೆ ಪರೀಕ್ಷಿಸಿದವರುಂಟು. ಸ್ವೀಡನ್ನಿನಲ್ಲಿ ಕ್ರಿಸ್ಟೀನ್ ವೆನ್ನೆರೋಸ್ ಮತ್ತು ಆಗ್ನೆಸ್ ವೋಲ್ಡ್ ಎಂಬ ಇಬ್ಬರು ವಿಜ್ಞಾನಿಗಳು ಅಲ್ಲಿಯ ವೈದ್ಯಕೀಯ ಸಂಶೋಧನ ಮಂಡಲಿಯು ೧೯೯೫ರಲ್ಲಿ ಅರ್ಜಿಗಳಿಗೆ ಕೊಟ್ಟ ಅಂಕಗಳನ್ನು ಕಾನೂನಿನ ನೆರವಿನಿಂದ ಪಡೆದು ಲೆಕ್ಕ ಹಾಕಿದರು. ಗಂಡಸರಷ್ಟೇ ಅಂಕಗಳನ್ನು ಪಡೆಯಲು ಹೆಂಗಸರು ಸುಮಾರು ಎರಡೂವರೆ ಪಟ್ಟು ಹೆಚ್ಚು ಸಂಶೋಧನೆ ಮಾಡಿರಬೇಕಾಗಿತ್ತೆಂದು ೧೯೯೭ರಲ್ಲಿ ಪ್ರಕಟವಾದ ಆ ಲೆಕ್ಕ ತೋರಿಸಿತು. ಸಮಿತಿಯ ಸದಸ್ಯರ ಪರಿಚಿತ ಬಳಗದವರಿಗೂ ಅಂಕಗಳು ಹೆಚ್ಚು. ಬೇಕೆಂದೇ ಅನ್ಯಾಯ ಮಾಡಿದೆನೆಂದು ಆ ಸಮಿತಿಯಲ್ಲಿ ಯಾರಿಗೂ ಅನಿಸಿರಲಾರದು. ತಕ್ಕಡಿಯ ತೋಳು ಅಸಮವಾಗಿತ್ತು, ಅಷ್ಟೆ.

ಅಮೆರಿಕದ ಮೆಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ನಡೆದದ್ದು ಇನ್ನೂ ಸ್ವಾರಸ್ಯವಾದದ್ದು. ಜೀವವಿಜ್ಞಾನಿ ನ್ಯಾನ್ಸಿ ಹಾಪ್ಕಿನ್ಸ್ ತಮ್ಮ ಮೀನುಗಳ ತೊಟ್ಟಿಗಳಿಗೆ ಇನ್ನಷ್ಟು ಜಾಗ ಬೇಕೆಂದು ಕೇಳಿದರು. ದೊರೆಯಲಿಲ್ಲ. ತಮಗೆ ಇತರರಿಗಿಂತ ಕಡಮೆ ಜಾಗವಿದೆಯೆಂದರೆ ಯಾರೂ ನಂಬಲಿಲ್ಲ. ಅವರು ಅಳತೆಯ ಪಟ್ಟಿಯನ್ನು ಹಿಡಿದು, ಯಾರೂ ಇಲ್ಲದ ಹೊತ್ತಿನಲ್ಲಿ ಪ್ರಯೋಗಶಾಲೆಗಳನ್ನು ಒಂದೊಂದಾಗಿ ಅಳೆದರು. ಅವರ ಮಾತೇ ನಿಜವಾಗಿತ್ತು. ೧೯೯೪ರಲ್ಲಿ ಅಲ್ಲಿಯ ವಿಜ್ಞಾನ ವಿಭಾಗಗಳ ಅಧ್ಯಾಪಕರಲ್ಲಿ ಹೆಂಗಸರು ನೂರಕ್ಕೆ ಎಂಟರಷ್ಟು ಮಾತ್ರ. ಹಿರಿಯ ಅಧ್ಯಾಪಕಿಯರು ಒಟ್ಟಾಗಿ ವಿಜ್ಞಾನದ ಡೀನರಾಗಿದ್ದ ಭೌತವಿಜ್ಞಾನಿ ರಾಬರ್ಟ್ ಬರ್ಜನೋ ಅವರನ್ನು ಕಂಡರು. ಅವರು ದೂರನ್ನು ಕೇಳಿ ತಲೆದೂಗಿ ಕಳುಹಿಸಿಬಿಡಲಿಲ್ಲ. ಸಮಿತಿಯನ್ನು ನೇಮಿಸಿ ಸಂಬಳ, ಜಾಗ, ಅಧಿಕಾರಸ್ಥಾನಗಳ ಲೆಕ್ಕ ತೆಗೆಸಿದರು, ಕಂಡ ಕೊರತೆಗಳನ್ನು ತಿದ್ದತೊಡಗಿದರು. ವರದಿಯು ೧೯೯೯ರಲ್ಲಿ ಪ್ರಕಟವಾದಾಗ ಸಂಸ್ಥೆಯ ಅಧ್ಯಕ್ಷ ಚಾರ್ಲ್ಸ್ ವೆಸ್ಟ್ ಅವರು, ಈ ತಾರತಮ್ಯದಲ್ಲಿ ಭ್ರಮೆಗಿಂತ ವಾಸ್ತವದ ಪಾಲೇ ಬಹಳ ದೊಡ್ಡದೆಂದು ಬಹಿರಂಗವಾಗಿ ಒಪ್ಪಿಕೊಂಡರು. ಕೇಳುವ ಕಿವಿಯೂ ಅಳೆಯುವ ಪಟ್ಟಿಯೂ ಒಂದುಗೂಡಿದ್ದರಿಂದ ಇದು ಸಾಧ್ಯವಾಯಿತು.

ಬೆಂಗಳೂರಿನ ಎರಡು ನಿದರ್ಶನಗಳು

ಇಂಥ ಸಂಗತಿಗಳಿಗಾಗಿ ಪರದೇಶಕ್ಕೇ ಹೋಗಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ೧೯೩೩ರಲ್ಲಿ ಸರ್ ಸಿ. ವಿ. ರಾಮನ್ ಅವರು ನಿರ್ದೇಶಕರಾದರು. ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯರು ಅವರೇ. ಅದೇ ವರ್ಷ ಮುಂಬಯಿ ವಿಶ್ವವಿದ್ಯಾಲಯದ ಪದವಿಯನ್ನು ಅಗ್ರಸ್ಥಾನದಲ್ಲಿ ಪಡೆದಿದ್ದ ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು, ಪ್ರವೇಶ ಕೇಳಿದರು. ಹೆಂಗಸೆಂಬ ಕಾರಣಕ್ಕೆ ರಾಮನ್ ಅವರು ನಿರಾಕರಿಸಿದರು. ಕಮಲಾ ಹಿಂದೆಗೆಯಲಿಲ್ಲ, ಕಾರಣ ಕೇಳಿದರು, ಪಟ್ಟು ಹಿಡಿದರು. ಕೊನೆಗೆ ಪ್ರವೇಶ ದೊರೆಯಿತು, ಆದರೆ ಒಂದು ವರ್ಷ ಪರೀಕ್ಷಾರ್ಥವಾಗಿ. ಗಂಡಸು ವಿದ್ಯಾರ್ಥಿಗಳಿಗೆ ಆ ಷರತ್ತಿರಲಿಲ್ಲ. ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಅವರು ಹಾಲು ಮತ್ತು ಕಾಳುಗಳ ಪ್ರೋಟೀನುಗಳ ಮೇಲೆ ಕೆಲಸ ಮಾಡಿದರು. ವರ್ಷ ಕಳೆಯುವಷ್ಟರಲ್ಲಿ ರಾಮನ್ ಅವರಿಗೆ ಅವರ ಯೋಗ್ಯತೆ ಮನವರಿಕೆಯಾಗಿ, ಸಂಸ್ಥೆಯ ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆಯಿತು. ಕಮಲಾ ಅವರು ಮುಂದೆ ಕೇಂಬ್ರಿಜ್ಜಿನಲ್ಲಿ ಡಾಕ್ಟರೇ‌ಟ್ ಪಡೆದರು. ಬೆಳಕಿನ ಕಿರಣದಲ್ಲಿ ಅತಿಸೂಕ್ಷ್ಮವಾದ ಬದಲಾವಣೆಯನ್ನು ಗುರುತಿಸಿದ ಮಹನೀಯರ ಕಣ್ಣಿಗೂ ಎದುರಿಗಿದ್ದ ಪ್ರತಿಭೆ ಒಡನೆಯೇ ಕಾಣಲಿಲ್ಲವೆಂದರೆ, ನಮ್ಮ ನಿಮ್ಮಂಥವರು ಒಂದೇ ಸಲ ತೂಗಿ ನಿಶ್ಚಯಿಸಬಾರದೆಂಬುದು ಸ್ಪಷ್ಟ. ರಾಮನ್ ಅವರ ನಿರ್ದೇಶಕತ್ವವೂ ಬಹುಕಾಲ ಉಳಿಯಲಿಲ್ಲ. ಭೌತಶಾಸ್ತ್ರಕ್ಕಾಗಿ ಇತರ ವಿಭಾಗಗಳನ್ನು ಕಡೆಗಣಿಸಲಾಗುತ್ತಿದೆಯೆಂಬ ದೂರುಗಳೆದ್ದು, ೧೯೩೬ರಲ್ಲಿ ವಿಚಾರಣಾ ಸಮಿತಿ ಬಂದು, ೧೯೩೭ರಲ್ಲಿ ಅವರು ಆ ಸ್ಥಾನವನ್ನು ಬಿಟ್ಟು ಪ್ರಾಧ್ಯಾಪಕರಾಗಿ ಮಾತ್ರ ಮುಂದುವರಿದರು.

ಅದೇ ಸಂಸ್ಥೆಯನ್ನು ೧೯೬೦ರ ದಶಕದ ಆರಂಭದಿಂದ ೧೯೮೧ರವರೆಗೆ ನಡೆಸಿದವರು ಸತೀಶ್ ಧವನ್. ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷತೆಯೂ ೧೯೭೨ರಿಂದ ಅವರದೇ. ೧೯೭೯ರ ಆಗಸ್ಟ್ ೧೦ರಂದು ಅಬ್ದುಲ್ ಕಲಾಂ ಅವರ ನೇತೃತ್ವದಲ್ಲಿ ಹಾರಿದ ಮೊದಲ ಎಸ್.ಎಲ್.ವಿ.-೩ ರಾಕೆಟ್ಟು ಬಂಗಾಳ ಕೊಲ್ಲಿಯಲ್ಲಿ ಬಿದ್ದಿತು. ಅಂದು ಪತ್ರಿಕೆಯವರ ಎದುರಿಗೆ ಬಂದು ಸೋಲಿನ ಹೊಣೆಯನ್ನು ಹೊತ್ತವರು ಧವನ್. ೧೯೮೦ರ ಜುಲೈ ೧೮ರಂದು ರಾಕೆಟ್ಟು ರೋಹಿಣಿಯನ್ನು ಕಕ್ಷೆಗೆ ಸೇರಿಸಿದಾಗ ಪತ್ರಿಕೆಯವರೊಡನೆ ಮಾತನಾಡಲು ಅವರು ಕಲಾಂ ಅವರನ್ನೇ ಕಳುಹಿಸಿದರು. ಈ ಸಂಗತಿಯನ್ನು ಕಲಾಂ ಅವರು ಜೀವಮಾನವೆಲ್ಲ ಕೃತಜ್ಞತೆಯಿಂದ ಹೇಳುತ್ತಿದ್ದರು.

ಇದನ್ನು ದೊಡ್ಡ ಮನಸ್ಸಿನ ಕಥೆಯೆಂದಷ್ಟೇ ಓದಬಾರದು. ಇದರಲ್ಲಿ ಕಾರ್ಯಸಾಧನೆಯ ಗುಟ್ಟೂ ಅಡಗಿದೆ. ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ ಆಸ್ಪತ್ರೆಗಳ ದಾದಿಯರ ತಂಡಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ಮುಖಂಡರಿದ್ದ ತಂಡಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳು ಕಡಮೆಯಿರಬೇಕೆಂದು ಅವರ ನಿರೀಕ್ಷೆ. ೧೯೯೬ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ದಾಖಲಾದ ತಪ್ಪುಗಳು ಅಲ್ಲಿಯೇ ಹೆಚ್ಚು! ವಿಚಾರಿಸಿ ನೋಡಲಾಗಿ, ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿದ್ದವೆಂಬುದಕ್ಕಿಂತ, ಮಾಡಿದ ತಪ್ಪುಗಳನ್ನು ಹೆದರದೆ ಹೇಳುತ್ತಿದ್ದವೆಂಬುದೇ ಸರಿಯಾದ ವಿವರಣೆಯೆಂದು ಕಂಡಿತು. ಗದರಿಸುವ ಮುಖಂಡನ ಕೈಕೆಳಗೆ ತಪ್ಪುಗಳು ಇರುತ್ತವೆ, ಕಾಣುವುದಿಲ್ಲ. ಕಾಣದ ತಪ್ಪನ್ನು ತಿದ್ದುವ ಬಗೆಯಿಲ್ಲ. ಬಂಗಾಳ ಕೊಲ್ಲಿಯಲ್ಲಿ ಬಿದ್ದ ರಾಕೆಟ್ಟಿನ ದೋಷವು ಅದರ ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿತ್ತೆಂಬುದನ್ನು ಬಿಚ್ಚುಮನಸ್ಸಿನಿಂದ ಹುಡುಕಿ, ವರ್ಷದೊಳಗೆ ತಿದ್ದಿ ಹಾರಿಸಲು ಸಾಧ್ಯವಾದದ್ದಕ್ಕೆ ಹೊಣೆಯನ್ನು ತಾನು ಹೊತ್ತ ಹಿರಿಯನೂ ಒಂದು ಕಾರಣವೆಂದರೆ ತಪ್ಪಾಗದು.

ಎಷ್ಟು ನಂಬಬಹುದು?

ವೈಜ್ಞಾನಿಕ ಪತ್ರಿಕೆಯ ಓದುಗರು ಕೆಲವು ಕಥೆಗಳಿಂದ ಸಿದ್ಧಾಂತವನ್ನು ಒಪ್ಪಬಾರದು. ೨೦೦೧ರಲ್ಲಿ ಜೇಸನ್ ಕಾಲ್ಕ್ವಿಟ್ ಮತ್ತು ಸಂಗಡಿಗರು ಆವರೆಗಿನ ಇಪ್ಪತ್ತೈದು ವರ್ಷಗಳ ೧೮೩ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಕೆಲಸದ ಜಾಗದ ನ್ಯಾಯಕ್ಕೂ ಕೆಲಸದ ತೃಪ್ತಿ, ಸಂಸ್ಥೆಯ ಮೇಲಿನ ನಿಷ್ಠೆ, ಮೇಲಿನವರಲ್ಲಿ ನಂಬಿಕೆ, ಕೆಲಸದ ಗುಣ ಇವುಗಳಿಗೂ ಸಂಬಂಧವಿರುವುದು ಸಿದ್ಧವಾಯಿತು. ನಂಬಿಕೆ ತೃಪ್ತಿಗಳೊಡನೆ ಸಂಬಂಧ ಬಲವಾದದ್ದು. ಕೆಲಸದ ಗುಣದೊಡನೆ ಅಷ್ಟು ಬಲವಾದದ್ದಲ್ಲ. ಒಳ್ಳೆಯ ಕೆಲಸಕ್ಕೆ ತರಬೇತು, ಉಪಕರಣ, ಸಮಯ ಮೊದಲಾದ ಬೇರೆ ಕಾರಣಗಳೂ ಉಂಟಷ್ಟೆ. ಮುರಿದ ಉಪಕರಣದ ಪ್ರಯೋಗಶಾಲೆಯಲ್ಲಿ ನ್ಯಾಯವೊಂದೇ ಭೌತಶಾಸ್ತ್ರವನ್ನು ಕಲಿಸಲಾರದು. ಆದರೆ ಉಪಕರಣಕ್ಕೆ ಹಣ ಬೇಕು, ನ್ಯಾಯಕ್ಕೆ ಬೇಡ. ವೇಳಾಪಟ್ಟಿಯನ್ನು ಸರದಿಯಂತೆ ಬರೆಯುವುದಕ್ಕೂ, ಪರೀಕ್ಷೆಯ ಕೆಲಸವನ್ನು ಯಾರು ಎಷ್ಟು ಮಾಡಿದರೆಂಬುದನ್ನು ಫಲಕದ ಮೇಲೆ ಹಾಕುವುದಕ್ಕೂ, ಬೇಡವೆಂದು ಹೇಳುವಾಗ ಕಾರಣ ಹೇಳುವುದಕ್ಕೂ, ಕೇಳಲು ಬಾರದವನನ್ನು ತಾನಾಗಿಯೇ ಕರೆದು ಕೇಳುವುದಕ್ಕೂ ಸರ್ಕಾರದ ಅನುದಾನ ಬರಬೇಕಾಗಿಲ್ಲ.

ಬಾದಾಮಿಯಿಂದ ಇಪ್ಪತ್ತೆರಡು ಕಿಲೋಮೀಟರು ದೂರದ ಪಟ್ಟದಕಲ್ಲಿನಲ್ಲಿ ಎಂಟನೆಯ ಶತಮಾನದ ವಿರೂಪಾಕ್ಷ ದೇವಾಲಯವಿದೆ. ಚಾಲುಕ್ಯ ದೊರೆ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗೆ ರಾಣಿ ಲೋಕಮಹಾದೇವಿಯು ಕಟ್ಟಿಸಿದ ಗುಡಿಯದು. ಅಲ್ಲಿಯ ಶಾಸನಗಳಲ್ಲಿ ಕಟ್ಟಿಸಿದವರ ಹೆಸರಿನೊಂದಿಗೆ ಕಟ್ಟಿದವನ ಹೆಸರೂ ಇದೆ: ಸೂತ್ರಧಾರಿ ಗುಂಡ ಅನಿವಾರಿತಾಚಾರಿ, ಆತನಿಗೆ ತ್ರಿಭುವನಾಚಾರಿಯೆಂಬ ಬಿರುದು ದೊರೆತದ್ದೂ ಅಲ್ಲಿಯೇ ದಾಖಲಾಗಿದೆ. ಹಾಡುಗಾರರಿಗೆ ಹಿಂದಿನ ಅರಸ ವಿಜಯಾದಿತ್ಯನು ಕೊಟ್ಟಿದ್ದ ಮರ್ಯಾದೆಗಳನ್ನು ಲೋಕಮಹಾದೇವಿಯು ಹಾಗೆಯೇ ಸ್ಥಿರಪಡಿಸಿದಳೆಂದು ಇನ್ನೊಂದು ಶಾಸನ ಹೇಳುವುದು. ಆಳುವವರು ಬದಲಾದರೂ ಕೊಟ್ಟ ಮಾತು ಬದಲಾಗದಿರಲೆಂದು, ಅದೂ ಹೋಗಿಬರುವವರೆಲ್ಲ ಓದುವಂತೆ, ಕಲ್ಲಿನಲ್ಲಿ ಬರೆಯಿಸಿದರು.

ನಮ್ಮ ಕಾಲೇಜುಗಳಲ್ಲಿ ಕಲ್ಲು ಬೇಡ. ಪ್ರಿನ್ಸಿಪಾಲರ ಕೋಣೆಯ ಹೊರಗೆ ಒಂದು ಸೂಚನಾಫಲಕವಿದೆ. ಈ ವರ್ಷದ ಕೆಲಸದ ಹಂಚಿಕೆಯೂ ಅದರ ಕಾರಣಗಳೂ ಅದರ ಮೇಲೆ ಬಂದರೆ ಸಾಕು. ಅದನ್ನು ಓದಿ ಅತಿಥಿ ಉಪನ್ಯಾಸಕನೊಬ್ಬನು, “ಸರ್, ಇಲ್ಲಿ ಒಂದು ತಪ್ಪಾಗಿದೆ” ಎಂದು ಒಳಗೆ ಬಂದು ಹೇಳಬಲ್ಲನಾದರೆ ಆ ಕಾಲೇಜಿನ ತಕ್ಕಡಿ ಸರಿಯಿದೆಯೆಂದು ತಿಳಿಯಬಹುದು.